ವರ್ಮಾಂಟಿನ ‘ಗೋಟ್’ ಇಳಿಜಾರು: ಅಳಿಯ ಇಳಿಯುತ್ತೇನೆ ಎನ್ನುತ್ತಿದ್ದಾನೆ, ಬಲ್ಲವರು ತಿಳಿಸಿ

ನಿಟ್ಟೂರು ಮೇಷ್ಟ್ರು
ಫೆಬ್ರವರಿ 9

ನಾನು ಹೊಸನಗರ ತಾಲ್ಲೂಕಿನವನು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾಗಿ ಈಗ ಎರಡೂವರೆ ಎಕರೆ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಅರವತ್ತೆರಡು ವರ್ಷ ತುಂಬುವವರೆಗೆ ಹಿಮವನ್ನು ಕಣ್ಣಿನಿಂದ ಕಂಡವನಲ್ಲ. ಅಂಥವನು ಸ್ಕೀ ವಿಚಾರ ಕೇಳಲು ಇಲ್ಲಿಗೆ ಬಂದಿದ್ದೇನೆಂದರೆ ಅದಕ್ಕೆ ಕಾರಣ ನನ್ನ ಅಳಿಯ.

ಮಗಳು, ಅಳಿಯ ಇರುವುದು ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ನಿನಲ್ಲಿ. ಹೋದ ವರ್ಷ ಇದೇ ತಿಂಗಳು ನಾನೂ ಮನೆಯವಳೂ ಹೋಗಿದ್ದೆವು. ಒಂದು ಭಾನುವಾರ ಅಳಿಯ ನಮ್ಮನ್ನು ಸ್ಟೋ ಎಂಬ ಊರಿಗೆ ಕರೆದುಕೊಂಡು ಹೋದ. ಅಲ್ಲಿ ಮ್ಯಾನ್ಸ್‌ಫೀಲ್ಡ್ ಎಂಬ ಬೆಟ್ಟವಿದೆ, ಆ ರಾಜ್ಯಕ್ಕೇ ಎತ್ತರದ್ದು. ಎಷ್ಟು ಎತ್ತರವಪ್ಪಾ ಎಂದು ಕೇಳಿದೆ. 4,393 ಅಡಿ ಎಂದ. ಹಳೆಯ ಚಟ ಬಿಡುವುದಿಲ್ಲವಲ್ಲ, ನಿಂತಲ್ಲೇ ಮೀಟರಿಗೆ ತಿರುಗಿಸಿದೆ: 1,339. ನಮ್ಮ ಕೊಡಚಾದ್ರಿ 1,343. ‘ನಾಲ್ಕು ಮೀಟರ್ ನಮ್ಮದೇ ಮೇಲು’ ಎಂದೆ. ಅಳಿಯ ಒಪ್ಪಿಕೊಂಡ. ಆದರೆ ನಾವು ಕೊಡಚಾದ್ರಿಯಿಂದ ಯಾರೂ ಎರಡು ಹಲಗೆ ಕಟ್ಟಿಕೊಂಡು ಕೆಳಗೆ ಹಾರುವುದಿಲ್ಲ.

ನಾವಿಬ್ಬರೂ ಕೆಳಗೆ ಒಂದು ಕಟ್ಟಡದ ಜಗುಲಿಯಲ್ಲಿ ಕೈ ಉಜ್ಜಿಕೊಳ್ಳುತ್ತ ನಿಂತು ನೋಡುತ್ತಿದ್ದೆವು. ಕಾಡಿನ ನಡುವೆ ಬೈತಲೆ ತೆಗೆದ ಹಾಗೆ ಬಿಳಿ ಪಟ್ಟಿಗಳು ಇಳಿದು ಬಂದಿದ್ದವು. ಕೆಲವು ಹೆದ್ದಾರಿಯಷ್ಟು ಅಗಲ. ಗೋಟ್ ಎಂಬ ಇಳಿಜಾರನ್ನು ಅಳಿಯ ತನ್ನ ಮೊಬೈಲಿನ ಚಿತ್ರದಲ್ಲಿ ತೋರಿಸಿದ. ಸೊಪ್ಪಿನ ಬೆಟ್ಟಕ್ಕೆ ಹೋಗುವ ಕಾಲುದಾರಿಯನ್ನು ಸ್ವಲ್ಪ ಹಿಗ್ಗಿಸಿದಂತಿತ್ತು. ಅಂಕುಡೊಂಕು, ಒಂದು ಮಗ್ಗುಲಿಗೆ ವಾಲಿದ್ದು, ನಡುನಡುವೆ ಕಪ್ಪು ಬಂಡೆಗಳು. ಗೋಟ್ ಎಂದರೆ ಮೇಕೆ. ಹೆಸರಿಟ್ಟವನಿಗೆ ಮೇಕೆಯ ಪರಿಚಯ ಚೆನ್ನಾಗಿಯೇ ಇದ್ದಿರಬೇಕು. ಅಷ್ಟರಲ್ಲಿ ನಮ್ಮ ಎದುರೇ ಒಬ್ಬ ಹುಡುಗಿ ಇಳಿದು ಬಂದು ಅಡ್ಡ ತಿರುಗಿ ನಿಂತಳು. ಹಿಮದ ಮೇಲೆ ಜಾರುವುದೆಂದರೆ ಅರಳೆಯ ಮೇಲೆ ಕೈಯಾಡಿಸಿದ ಹಾಗೆ, ಸದ್ದೇ ಇರುವುದಿಲ್ಲ ಎಂದು ನಾನು ತಿಳಿದಿದ್ದೆ. ಅಲ್ಲಿ ಕೇಳಿದ್ದು ಮೆಟ್ಟುಗತ್ತಿಯನ್ನು ಸಾಣೆಕಲ್ಲಿಗೆ ಕೊಟ್ಟಾಗಿನ ಕರ್ರೆನ್ನುವ ಸದ್ದು. ಮನೆಯವಳು ನನ್ನ ತೋಳು ಹಿಡಿದುಕೊಂಡಳು.

ವಿಷಯಕ್ಕೆ ಬರುತ್ತೇನೆ. ಆ ಬೆಟ್ಟದಲ್ಲಿ ಪರಿಣತರಿಗೆಂದೇ ಇರುವ ನಾಲ್ಕು ಹೆಸರಾಂತ ಇಳಿಜಾರುಗಳಿವೆ: ಗೋಟ್, ಸ್ಟಾರ್, ಲಿಫ್ಟ್‌ಲೈನ್, ನ್ಯಾಷನಲ್. ನಾಲ್ಕಕ್ಕೂ ಸೇರಿ ಫ್ರಂಟ್ ಫೋರ್ ಎನ್ನುತ್ತಾರೆ. ಇಸ್ಪೀಟಿನ ಡೈಮಂಡನ್ನು ಕಪ್ಪು ಮಾಡಿ ಎರಡೆರಡು ಬರೆದ ಫಲಕ ಹಾಕಿರುತ್ತಾರೆ. ಮಾರ್ಚ್ ಕೊನೆಗೆ ಅಳಿಯನಿಗೆ ನಲವತ್ತು ತುಂಬುತ್ತದೆ. ಅಷ್ಟರೊಳಗೆ ನಾಲ್ಕನ್ನೂ ಒಂದೇ ದಿನದಲ್ಲಿ ಇಳಿದು ಮುಗಿಸಬೇಕೆಂಬುದು ಅವನ ಹಟ. ಒಂಬತ್ತು ವರ್ಷದಿಂದ ಸ್ಕೀ ಮಾಡುತ್ತಿದ್ದಾನೆ, ಮೂರು ಬಿಡಿಬಿಡಿಯಾಗಿ ಆಗಿವೆ. ಗೋಟ್ ಬಾಕಿ.

ಮಗಳು ದಿನಾ ಅಲ್ಲಿನ ಸ್ಥಿತಿಗತಿಯ ವರದಿ ಕಳಿಸುತ್ತಾಳೆ. ಪೇಪರಿನಲ್ಲಿ ಲಿಂಗನಮಕ್ಕಿ ಮಟ್ಟ ನೋಡಿದ ಮೇಲೆ ನಾನು ಅದನ್ನೂ ಓದುತ್ತೇನೆ. ಬೇರೆ ಇಳಿಜಾರುಗಳ ಮುಂದೆ ‘ರಾತ್ರಿ ಯಂತ್ರ ಓಡಿಸಿ ಸಮ ಮಾಡಲಾಗಿದೆ’ ಎಂದಿರುತ್ತದೆ. ಗೋಟ್ ಮುಂದೆ ಎರಡೇ ಬಗೆ: ಒಂದೋ ‘ಮುಚ್ಚಿದೆ’, ಇಲ್ಲವೇ ‘ತೆರೆದಿದೆ, ತೆಳು ಹೊದಿಕೆ’. ತೆಳು ಎಂದರೆ ಎಷ್ಟು ತೆಳು? ಉದ್ದಿನ ದೋಸೆಯಷ್ಟೋ ನೀರುದೋಸೆಯಷ್ಟೋ?

ಇನ್ನೊಂದು ನನ್ನ ತಲೆಗೆ ಹೋಗುತ್ತಿಲ್ಲ. ಅವರಲ್ಲಿ ದುಡ್ಡಿದೆ, ಯಂತ್ರವಿದೆ. ನೀರನ್ನು ಹಿಮ ಮಾಡಿ ಎರಚುವ ಫಿರಂಗಿಗಳು ಸಾಲಾಗಿ ನಿಂತದ್ದನ್ನು ನಾನೇ ನೋಡಿದ್ದೇನೆ. ಹಾಗಿದ್ದೂ ಆ ಒಂದು ದಾರಿಯನ್ನು ಅಗಲ ಮಾಡಿ, ಬಂಡೆ ಒಡೆದು, ಸಾಪು ಮಾಡುವುದಕ್ಕೆ ಏನು ಧಾಡಿ? ನಮ್ಮೂರಿನ ರಸ್ತೆ ಹಾಗಿದ್ದರೆ ಮನವಿ ಪತ್ರ ಹಿಡಿದು ಹೋಗುತ್ತೇವೆ. ಅಲ್ಲಿ ಹಾಗಿದೆ ಎನ್ನುವುದಕ್ಕೇ ಟಿಕೆಟ್ ತೆಗೆದುಕೊಂಡು ಹೋಗುತ್ತಾರೆ. ಕೇಳಿದರೆ ‘ಅದು ಕ್ಲಾಸಿಕ್, ಮಾವ’ ಎನ್ನುತ್ತಾನೆ. ಕ್ಲಾಸಿಕ್ ಎಂದರೆ ರಿಪೇರಿ ಕಾಣದ್ದು ಎಂದು ಅರ್ಥವೇ? ಅದನ್ನು ಕಡಿದವರು ಯಾರು, ಹಾಗೇ ಬಿಟ್ಟವರು ಯಾರು?

ಮೊನ್ನೆ ಅಡಿಕೆಯ ಕೊನೆಕೊಯ್ಲು ಮುಗಿಯಿತು. ನಮ್ಮ ಕೊನೆಗಾರ ಮರದ ತುದಿಯಲ್ಲಿ ತಳೆಯ ಮೇಲೆ ನಿಂತು, ಮರವನ್ನೇ ತೂಗಿ, ಪಕ್ಕದ ಮರಕ್ಕೆ ಹಾಯುವುದನ್ನು ಮೂವತ್ತು ವರ್ಷದಿಂದ ಕೆಳಗೆ ನಿಂತು ನೋಡಿದ್ದೇನೆ. ಒಮ್ಮೆಯೂ ಎದೆ ಝಲ್ಲೆಂದಿರಲಿಲ್ಲ. ಅಳಿಯನ ಮೊಬೈಲ್ ಚಿತ್ರ ನೋಡಿದ ಮೇಲೆ ಮೊನ್ನೆ ಮೊದಲ ಸಲ ಕೊನೆಗಾರನಿಗೆ ‘ನಿಧಾನ ಮಾರಾಯ’ ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.


ತುಂಗಾತೀರದವಳು
ಫೆಬ್ರವರಿ 10

ಮೇಷ್ಟ್ರೇ, ನಮಸ್ಕಾರ. ನನ್ನ ತವರು ತೀರ್ಥಹಳ್ಳಿ ಹತ್ತಿರ. ಹದಿನಾಲ್ಕು ವರ್ಷದಿಂದ ನಿಮ್ಮ ಮಗಳ ಊರಿನ ಪಕ್ಕದಲ್ಲೇ ಇದ್ದೇನೆ. ಗೋಟ್ ಅನ್ನು ನಾಲ್ಕು ಸಲ ಇಳಿದಿದ್ದೇನೆ: ಎರಡು ಸಲ ಚೆನ್ನಾಗಿ, ಒಂದು ಸಲ ಕೆಟ್ಟದಾಗಿ, ಒಂದು ಸಲ ಬಹುಪಾಲು ಕುಳಿತುಕೊಂಡು. ಹಾಗಾಗಿ ಉತ್ತರಿಸುವ ಯೋಗ್ಯತೆ ಇದೆ ಎಂದುಕೊಂಡಿದ್ದೇನೆ.

ಮೊದಲು ಕಡಿದವರ ವಿಚಾರ. ಆ ಬೆಟ್ಟದ ನೆತ್ತಿಯವರೆಗೆ ಕುದುರೆ ಗಾಡಿಯ ಕಾಲದ ಒಂದು ಸುಂಕದ ರಸ್ತೆ ಇದೆ. 1914ರ ಫೆಬ್ರವರಿಯಲ್ಲಿ ಡಾರ್ಟ್‌ಮತ್ ಕಾಲೇಜಿನ ಗ್ರಂಥಪಾಲಕ ನಥಾನಿಯಲ್ ಗುಡ್ರಿಚ್ ಎನ್ನುವವರು ಅದರಲ್ಲಿ ಸ್ಕೀ ಮೇಲೆ ಇಳಿದರು. ಆ ಬೆಟ್ಟದ ಸ್ಕೀ ಕಥೆ ಶುರುವಾಗುವುದು ಅಲ್ಲಿಂದ. ಒಬ್ಬ ಲೈಬ್ರರಿಯನ್ನಿನಿಂದ ಎಂಬುದು ನನಗೆ ತುಂಬ ಇಷ್ಟ. ಇಳಿಜಾರುಗಳನ್ನೇ ಬೇರೆಯಾಗಿ ಕಡಿಯಲು ಹೊರಟದ್ದು 1933ರಲ್ಲಿ. ಮಹಾ ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲದ ಯುವಕರಿಗಾಗಿ ರೂಸ್‌ವೆಲ್ಟ್ ಸರ್ಕಾರ ಒಂದು ಅರಣ್ಯ ದಳ ಮಾಡಿತು, ಎಲ್ಲರೂ ಸಿಸಿಸಿ ಎನ್ನುತ್ತಿದ್ದರು. ತಿಂಗಳಿಗೆ 30 ಡಾಲರ್ ಕೂಲಿ, ಅದರಲ್ಲಿ 25 ನೇರವಾಗಿ ಮನೆಗೆ ಹೋಗುತ್ತಿತ್ತು. ವರ್ಮಾಂಟಿನ ಅರಣ್ಯಾಧಿಕಾರಿ ಪೆರ‍್ರಿ ಮೆರಿಲ್ ಈ ಹುಡುಗರನ್ನು ಮ್ಯಾನ್ಸ್‌ಫೀಲ್ಡಿಗೆ ತಂದರು. ದಾರಿ ಗುರುತು ಹಾಕಿಕೊಟ್ಟವರು ಚಾರ್ಲಿ ಲಾರ್ಡ್, ಹೆದ್ದಾರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು.

ಇಲ್ಲೇ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರವಿದೆ. ಆಗ ಅಲ್ಲಿ ಮೇಲೆ ಹೋಗಲು ಲಿಫ್ಟ್ ಇರಲಿಲ್ಲ. ಒಬ್ಬೊಬ್ಬರೇ ಹತ್ತಿ ಇಳಿಯುವವರಿಗೆ ಅಗಲದ ದಾರಿ ಯಾಕೆ? ಕೊಡಲಿ, ಗರಗಸ ಹಿಡಿದವರು ದೊಡ್ಡ ಬಂಡೆ ಸಿಕ್ಕಿದರೆ ಅದನ್ನು ಸುತ್ತಿ ಹೋಗುತ್ತಿದ್ದರು. ಹೀಗೆ ಆದ ನೋಸ್‌ಡೈವ್ ಎಂಬ ಇಳಿಜಾರಿನ ತಲೆಯಲ್ಲಿ ಏಳು ತಿರುವುಗಳಿದ್ದವು. ಆಗುಂಬೆ ಘಾಟಿಯ ತಿರುವುಗಳನ್ನು ಕಾಡಿನ ಸಂದಿಯಲ್ಲಿ ಹಿಮದ ಮೇಲೆ ನೆನೆಸಿಕೊಳ್ಳಿ. 1938ರಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದದ್ದು ಅದರ ಮೇಲೆ. 1940ರಲ್ಲಿ ಬೆಟ್ಟಕ್ಕೆ ಕುರ್ಚಿ ಲಿಫ್ಟ್ ಬಂತು, ಒಂದು ಕುರ್ಚಿಗೆ ಒಬ್ಬರು. ಜನ ಬಂದರು, ಜನ ಬಂದಂತೆ ದಾರಿ ಅಗಲವಾಯಿತು. ನೋಸ್‌ಡೈವಿನ ಏಳು ತಿರುವುಗಳಲ್ಲಿ ಕೆಲವು ಹೋದವು. ಈಗಲೂ ಒಳ್ಳೆಯ ಇಳಿಜಾರೇ, ಆದರೆ ಹಳಬರು ಅದರ ಮಾತು ಬಂದಾಗ ಮುಳುಗಡೆಯಾದ ಊರಿನ ಬಗ್ಗೆ ಶರಾವತಿ ಕಡೆಯವರು ಮಾತಾಡುವ ಹಾಗೆ ಮಾತಾಡುತ್ತಾರೆ. ಹೋಲಿಕೆ ದೊಡ್ಡದಾಯಿತು, ಕ್ಷಮಿಸಿ. ದನಿ ಮಾತ್ರ ಅದೇ.

ನೋಸ್‌ಡೈವ್ ಕಳೆದುಕೊಂಡದ್ದು ಏನು ಎಂದು ತಿಳಿಯಬೇಕಾದರೆ ಗೋಟಿಗೆ ಹೋಗಬೇಕು. ನಾಲ್ಕರಲ್ಲಿ ನ್ಯಾಷನಲ್ ಮತ್ತು ಲಿಫ್ಟ್‌ಲೈನಿಗೆ ಕೃತಕ ಹಿಮದ ಏರ್ಪಾಡಿದೆ. ಹಗ್ಗ ಬಿಗಿದ ಯಂತ್ರವನ್ನು ಮೇಲಿನಿಂದ ಇಳಿಬಿಟ್ಟು ಸಮ ಮಾಡುವುದೂ ಉಂಟು. ಸಮ ಮಾಡಿದ ಬೆಳಿಗ್ಗೆ ಅವು ಕಡಿದಾದ ಒಳ್ಳೆಯ ರಸ್ತೆಗಳು, ಅಷ್ಟೇ. ಸ್ಟಾರ್ ಮತ್ತು ಗೋಟಿಗೆ ಆಕಾಶದಿಂದ ಬಿದ್ದದ್ದೇ ಗತಿ. (ಸ್ಟಾರ್ ಎಂದರೆ ನಕ್ಷತ್ರವಲ್ಲ, ಆ ಬೆಟ್ಟಕ್ಕೆ ಬಂಡವಾಳ ಹಾಕಿದ ವಿಮಾ ಉದ್ಯಮಿ ಸಿ. ವಿ. ಸ್ಟಾರ್ ಅವರ ಹೆಸರು.)

ಗೋಟ್ ಯಾಕೆ ಕಷ್ಟ ಎಂದರೆ ಕಡಿದಾಗಿರುವುದರಿಂದ ಮಾತ್ರವಲ್ಲ. ನೀವು ಚಿಕ್ಕಂದಿನಲ್ಲಿ ಅಡಿಕೆ ಹಾಳೆಯ ಮೇಲೆ ಕುಳಿತು ಗುಡ್ಡ ಜಾರಿದವರೇ ಇರಬೇಕು. ನಮ್ಮ ಮನೆಯ ಹಿಂದಿನ ಬೇಣದಲ್ಲಿ ಎರಡು ಜಾರು ಇದ್ದವು. ಒಂದು ನೇರ, ಯಾರು ಬೇಕಾದರೂ ಜಾರಬಹುದು. ಇನ್ನೊಂದು ದಾರಿ ಮನೆಯ ಕಡೆಗೆ ಹೋಗುತ್ತಿತ್ತು, ನೆಲ ಮಾತ್ರ ಅಗಳದ ಕಡೆಗೆ ವಾಲಿತ್ತು. ನಾವು ಎಷ್ಟೇ ಹಾಳೆಯ ದಂಟು ಹಿಡಿದು ಎಳೆದರೂ ಕೊನೆಗೆ ಅಗಳದಲ್ಲಿ. ಗೋಟ್ ಅಂಥದ್ದು: ದಾರಿ ಒಂದು ಕಡೆಗೆ, ನೀರು ಸುರಿದರೆ ಹರಿಯುವ ದಿಕ್ಕು ಇನ್ನೊಂದು ಕಡೆಗೆ. ಪ್ರತಿ ಸ್ಕೀಯೂ ಮೇಲಿನ ಮಗ್ಗುಲಿನ ಹಿಮವನ್ನು ಕೆರೆದು ಕೆಳಗಿನ ಮಗ್ಗುಲಿಗೆ ತಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಒಂದು ಬದಿಯಲ್ಲಿ ಬಂಡೆ, ಬೇರು, ಮಂಜುಗಡ್ಡೆ. ಇನ್ನೊಂದು ಬದಿಯಲ್ಲಿ ಹಿಮದ ರಾಶಿ, ಅದರ ಪಕ್ಕದಲ್ಲೇ ಮರ. ‘ತೆಳು ಹೊದಿಕೆ’ ಎಂದು ವರದಿ ಬರೆಯುವುದು ಇದಕ್ಕೆ. ಎಲ್ಲ ಕಡೆ ಒಂದೇ ಸಮ ತೆಳು ಎಂದಲ್ಲ. ಸೋಗೆ ಹೊದಿಸಿದ ಹಳೆಯ ಮಾಡಿನ ಹಾಗೆ, ಎಲ್ಲಿ ಸೋರುತ್ತದೆ ಎಂದು ಗೊತ್ತಿದ್ದವನಿಗೆ ತೊಂದರೆಯಿಲ್ಲ.

ಇನ್ನು ಆ ಕರ್ರೆನ್ನುವ ಸದ್ದು. ಇಲ್ಲಿನ ಚಳಿಗಾಲಕ್ಕೆ ಚಂಚಲ ಬುದ್ಧಿ. ಒಂದು ಅಡಿ ಹಿಮ ಬೀಳುತ್ತದೆ, ಮರುದಿನ ಬೆಚ್ಚಗಾಗಿ ಮಳೆ ಹೊಯ್ಯುತ್ತದೆ, ರಾತ್ರಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋಗುತ್ತದೆ. ನೆನೆದ ಹಿಮ ಕಲ್ಲಾಗುತ್ತದೆ. ಅದರ ಮೇಲೆ ಸ್ಕೀಯ ಲೋಹದ ಅಂಚು ಕಚ್ಚುವುದಿಲ್ಲ, ಕಿರುಚುತ್ತದೆ. ಆಷಾಢದಲ್ಲಿ ಹಾವಸೆ ಕಟ್ಟಿದ ಅಂಗಳದ ಮೇಲೆ ನಾವು ಅಡಿಕೆ ದಬ್ಬೆ ಹಾಸುತ್ತೇವೆ. ಬೇರೆ ಇಳಿಜಾರುಗಳಲ್ಲಿ ಯಂತ್ರ ಮಾಡುವುದು ಅದೇ ಕೆಲಸ: ಗಡ್ಡೆಯನ್ನು ಪುಡಿ ಮಾಡಿ ಹಾಸುತ್ತದೆ. ಗೋಟಿಗೆ ದಬ್ಬೆ ಹಾಸುವವರಿಲ್ಲ.

ಹಾಸಬಾರದೇ ಎಂದು ಕೇಳುತ್ತೀರಿ. ಕೊಳವೆ ಎಳೆಯಬೇಕು, ಯಂತ್ರ ತಿರುಗಲು ಜಾಗ ಬೇಕು, ಅಂದರೆ ಎರಡು ಬದಿಯ ಮರ ಕಡಿಯಬೇಕು. ಅದಾದ ಮೇಲೆ ಸಿಗುವುದು ಇನ್ನೊಂದು ನ್ಯಾಷನಲ್. ಒಂದು ನ್ಯಾಷನಲ್ ಈಗಾಗಲೇ ಇದೆಯಲ್ಲ. ಇದೇ ರಾಜ್ಯದಲ್ಲಿ ಮ್ಯಾಡ್ ರಿವರ್ ಗ್ಲೆನ್ ಎಂಬ ಇನ್ನೊಂದು ಬೆಟ್ಟವಿದೆ. 1995ರಿಂದ ಅದು ಸ್ಕೀ ಮಾಡುವವರೇ ಷೇರು ಕೊಂಡು ನಡೆಸುವ ಸಹಕಾರ ಸಂಘ, ನಮ್ಮ ಅಡಿಕೆ ಮಾರಾಟ ಸಂಘದ ಹಾಗೆ. ಅವರ 1948ರ ಒಂಟಿ ಕುರ್ಚಿ ಲಿಫ್ಟ್ ಹಳತಾಯಿತು. ನಾಲ್ಕು ಜನರ ಕುರ್ಚಿ ಹಾಕಿಸಬಹುದಿತ್ತು. ದುಡ್ಡು ಕೂಡಿಸಿ 2007ರಲ್ಲಿ ಮತ್ತೆ ಒಂಟಿ ಕುರ್ಚಿಯನ್ನೇ ಹೊಸದಾಗಿ ಕಟ್ಟಿದರು. ಮೇಲೆ ಹೆಚ್ಚು ಜನ ಹೋದರೆ ಹಿಮ ಬೇಗ ಸವೆಯುತ್ತದೆ ಎಂಬ ಲೆಕ್ಕವೂ ಅದರಲ್ಲಿದೆ.

ನಿಮ್ಮಂಥವರಿಗೆಂದೇ ಒಂದು ಸಂಖ್ಯೆ ಕೊಡುತ್ತೇನೆ. ಮ್ಯಾನ್ಸ್‌ಫೀಲ್ಡ್ ಶಿಖರದ ಹತ್ತಿರ ಹಿಮ ಅಳೆಯುವ ಒಂದು ಕಂಬವಿದೆ. 1954ರಿಂದ ಅದರ ಲೆಕ್ಕ ಬರೆದಿಟ್ಟಿದ್ದಾರೆ. 40 ಇಂಚು ದಾಟುವವರೆಗೆ ಕಾಡಿನೊಳಗೆ ಹೋಗಬೇಡ ಎಂಬುದು ಇಲ್ಲಿನ ಹಳಬರ ಮಾತು. ಗೋಟಿಗೂ ನಾನು ಅದನ್ನೇ ಪಾಲಿಸುತ್ತೇನೆ. ಕುಳಿತುಕೊಂಡು ಇಳಿದ ವರ್ಷ 31 ಇತ್ತು. ದಿನಾ ಲಿಂಗನಮಕ್ಕಿಯ ಪಕ್ಕದಲ್ಲಿ ಇದನ್ನೂ ಬರೆದುಕೊಳ್ಳಿ.

ಮನೆಯಲ್ಲಿ ಅಮ್ಮನಿಗೆ ಒಂದು ಮಾತು ಹೇಳಿ. 1936ರ ಹೊಸ ವರ್ಷದ ಹೊತ್ತಿಗೆ ಇದೇ ಬೆಟ್ಟದಲ್ಲಿ ಮಿನಟ್ ಡೋಲ್ ಎನ್ನುವವರು ಬಿದ್ದು ಕಣಕಾಲು ಮುರಿದುಕೊಂಡರು. ಆಗ ಎತ್ತಿಕೊಂಡು ಹೋಗುವ ವ್ಯವಸ್ಥೆ ಏನೂ ಇರಲಿಲ್ಲ. ಗೆಳೆಯರು ಮಾಡಿಗೆ ಹೊದಿಸುವ ತಗಡೊಂದನ್ನು ತಂದು ಅದರ ಮೇಲೆ ಮಲಗಿಸಿ ಎಳೆದುಕೊಂಡು ಹೋದರು. ನಮ್ಮ ಕಡೆ ಕಂಬಳಿ ಜೋಲಿಯಲ್ಲಿ ಹೊತ್ತು ತಂದ ಹಾಗೆ. ಅದಾಗಿ ಎರಡು ತಿಂಗಳಿಗೆ ಆ ಗೆಳೆಯರಲ್ಲೊಬ್ಬ ಸ್ಕೀ ಪಂದ್ಯದಲ್ಲಿ ಗಾಯಗೊಂಡು ತೀರಿಕೊಂಡ. ಡೋಲ್ ಸುಮ್ಮನೆ ಕೂರಲಿಲ್ಲ. 1938ರಲ್ಲಿ ಇಡೀ ದೇಶಕ್ಕೆ ಸ್ಕೀ ಗಸ್ತು ಪಡೆ ಕಟ್ಟಿದರು. ಗೋಟ್ ತೆರೆಯಬೇಕೋ ಮುಚ್ಚಬೇಕೋ ಎಂದು ಬೆಳಿಗ್ಗೆ ನೋಡಿ ತೀರ್ಮಾನಿಸುವವರು ಅಂಥ ಗಸ್ತಿನವರೇ. ಹಗ್ಗ ಕಟ್ಟಿದ್ದರೆ ನಿಮ್ಮ ಅಳಿಯ ದಾಟಬಾರದು, ಅಷ್ಟನ್ನು ಮಾತು ತೆಗೆದುಕೊಳ್ಳಿ.


ನಿಟ್ಟೂರು ಮೇಷ್ಟ್ರು
ಫೆಬ್ರವರಿ 10

ತಂಗಿ, ಇಷ್ಟು ಬರೆದದ್ದಕ್ಕೆ ದೊಡ್ಡ ಉಪಕಾರವಾಯಿತು. ಹಾಳೆಯ ಉದಾಹರಣೆ ಮನೆಯವಳಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಅವಳೂ ಅಗಳಕ್ಕೆ ಬಿದ್ದವಳೇ, ಗಲ್ಲದ ಮೇಲೆ ಗುರುತು ಇನ್ನೂ ಇದೆ. ಅರ್ಥವಾದದ್ದರಿಂದ ಹೆದರಿಕೆ ಕಡಿಮೆಯಾಯಿತು ಎಂದು ಹೇಳಲಾರೆ. ಇವತ್ತಿನ ಕಂಬ 38 ಎಂದು ಮಗಳು ತಿಳಿಸಿದಳು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ಬರೆದಿದ್ದೇನೆ.


ಸಾಗರದ ಮಾಜಿ ಸೈನಿಕ
ಫೆಬ್ರವರಿ 12

ಮೇಷ್ಟ್ರೇ, ನಾನು ಸ್ಕೀ ಕಲಿತದ್ದು ಖುಷಿಗಾಗಿ ಅಲ್ಲ. ಗುಲ್ಮಾರ್ಗಿನಲ್ಲಿ ಸೇನೆಯ ಎತ್ತರ ಪ್ರದೇಶದ ಯುದ್ಧ ತರಬೇತಿ ಶಾಲೆಯಿದೆ, 1948ರಲ್ಲಿ ಶುರುವಾದದ್ದು. ನನ್ನನ್ನು ಅಲ್ಲಿಗೆ ಕಳಿಸಿದಾಗ ವಯಸ್ಸು ಇಪ್ಪತ್ತಮೂರು. ಮೊದಲ ವಾರ ಬೆನ್ನಿನ ಮೇಲೆ ಹೊರೆ ಹೊತ್ತು ಬೀಳುವುದನ್ನೇ ಕಲಿಸಿದರು. ಬೀಳುವುದಕ್ಕೂ ಕ್ರಮವಿದೆ.

ಮೇಲಿನ ತಂಗಿ ಬರೆದದ್ದೆಲ್ಲ ಸರಿ. ಕ್ಲಾಸಿಕ್ ಎಂಬ ಪದದ ಮೋಹ ಮಾತ್ರ ನನಗಿಲ್ಲ. ಗುಲ್ಮಾರ್ಗಿನ ಅಫರ್ವತ್ ಬೆಟ್ಟದಲ್ಲಿ ಮರವೇ ಇಲ್ಲದ ಎತ್ತರದಲ್ಲಿ ಇಳಿಯುತ್ತೇವೆ. 2005ರಲ್ಲಿ ಎರಡನೇ ಹಂತದ ಗೊಂಡೊಲಾ, ಅಂದರೆ ತಂತಿಯ ಮೇಲೆ ಸಾಗುವ ಡಬ್ಬಿ, ಬಂದ ಮೇಲೆ ಹೊರದೇಶದವರು ಹಿಂಡುಹಿಂಡಾಗಿ ಬರುತ್ತಾರೆ. ಅಲ್ಲಿ ದಾರಿಯನ್ನು ಯಾರೂ ಕಡಿದಿಲ್ಲ, ಇಡೀ ಬೆಟ್ಟವೇ ಒಂದು ಬಟ್ಟಲು. ಅಲ್ಲಿ ನಾವು ಹೆದರುವುದು ಹಿಮಕುಸಿತಕ್ಕೆ. ಹೆಚ್ಚು ಹಿಮ ಬಿದ್ದಷ್ಟೂ ಅಪಾಯ. ನಿಮ್ಮ ಅಳಿಯನ ಬೆಟ್ಟದಲ್ಲಿ ಲೆಕ್ಕ ತಿರುಗುಮುರುಗು: ಹಿಮ ಕಡಿಮೆಯಾದಷ್ಟೂ ಅಪಾಯ.

ಕಡಿದಾದ ಇಳಿಜಾರಿನ ಬಗ್ಗೆಯೂ ನಾಗರಿಕರು ಬಹಳ ಹೆದರುತ್ತಾರೆ. ಆಸ್ಟ್ರಿಯದ ಕಿಟ್ಸ್‌ಬ್ಯೂಹೆಲಿನಲ್ಲಿ ಸ್ಟ್ರೈಫ್ ಎಂಬ ಪಂದ್ಯದ ಇಳಿಜಾರಿದೆ, ಜಗತ್ತಿನ ಭಯಂಕರ ಇಳಿಜಾರುಗಳಲ್ಲಿ ಅದಕ್ಕೆ ಮೊದಲ ಸಾಲು. 1931ರಿಂದ ಆ ಊರಿನಲ್ಲಿ ಹಾನೆನ್‌ಕಾಮ್ ಪಂದ್ಯ ನಡೆದಿದೆ. ಸ್ಟ್ರೈಫ್ 3,312 ಮೀಟರ್ ಉದ್ದ, 860 ಮೀಟರ್ ಇಳಿತ. ಅದರ ಮೇಲ್ಭಾಗದಲ್ಲಿ ಇಲಿಬೋನು ಎಂದು ಹೆಸರಿಟ್ಟ ಜಾಗದಲ್ಲಿ ಇಳಿಜಾರು ಶೇಕಡಾ 85. ಅದೆಷ್ಟು ಡಿಗ್ರಿ ಎಂದು ನೀವೇ ಹೇಳಬಲ್ಲಿರಿ. ತಮಾಷೆಯೆಂದರೆ ಪಂದ್ಯಕ್ಕೆ ಮೊದಲು ಅಲ್ಲಿ ಹಿಮದೊಳಕ್ಕೆ ನೀರು ಚುಚ್ಚಿ ಬೇಕೆಂದೇ ಮಂಜುಗಡ್ಡೆ ಮಾಡುತ್ತಾರೆ. ಇಲ್ಲದಿದ್ದರೆ ಹತ್ತು ಜನ ಇಳಿಯುವಷ್ಟರಲ್ಲಿ ಗುಂಡಿ ಬಿದ್ದು ಹನ್ನೊಂದನೆಯವನಿಗೆ ಅನ್ಯಾಯವಾಗುತ್ತದೆ. ಅವರು ಮಂಜುಗಡ್ಡೆಯನ್ನು ತಯಾರು ಮಾಡುತ್ತಾರೆ, ನಿಮ್ಮ ಅಳಿಯನಿಗೆ ಪುಕ್ಕಟೆ ಸಿಗುತ್ತಿದೆ.

ನಮಗೆ ಕಲಿಸಿದವರೊಬ್ಬರು ಟೋನಿ ಮ್ಯಾಟ್ ಎಂಬ ಆಸ್ಟ್ರಿಯದ ಹುಡುಗನ ಕಥೆ ಹೇಳುತ್ತಿದ್ದರು. 1939ರ ಏಪ್ರಿಲಿನಲ್ಲಿ ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದ ನೆತ್ತಿಯಿಂದ ಪಂದ್ಯ. ನಡುವೆ ಟಕರ್‌ಮನ್ ಎಂಬ ಕೊಳ್ಳದ ಗೋಡೆಯಂಥ ತಲೆ. ಎಲ್ಲರೂ ತಿರುವು ಹಾಕಿ ವೇಗ ತಗ್ಗಿಸಿ ಇಳಿಯುವ ಜಾಗ. ಹತ್ತೊಂಬತ್ತು ವರ್ಷದ ಹುಡುಗ ಅಂಚು ಎಲ್ಲಿದೆ ಎಂಬ ಅಂದಾಜು ತಪ್ಪಿ ನೇರ ಇಳಿದೇ ಬಿಟ್ಟ. 6 ನಿಮಿಷ 29.2 ಸೆಕೆಂಡಿನಲ್ಲಿ ಮುಗಿಸಿದ. ಎಲ್ಲರೂ ಇದನ್ನು ಧೈರ್ಯದ ಕಥೆ ಎಂದು ಹೇಳುತ್ತಾರೆ. ನಮ್ಮವರು ಹೇಳುತ್ತಿದ್ದದ್ದು ಬೇರೆ: ‘ಅವನ ಕಾಲಿನಲ್ಲಿ ಆ ಹೊತ್ತಿಗೆ ಬಲ ಉಳಿದಿತ್ತು. ಅದನ್ನು ನೆನಪಿಡಿ.’

ಅದನ್ನೇ ನಿಮ್ಮ ಅಳಿಯನಿಗೂ ಹೇಳಬೇಕಾಗಿದೆ. ಗೋಟ್ ಇಳಿಯುವುದು ತಪ್ಪಲ್ಲ. ಮೂರು ಇಳಿದು, ತೊಡೆ ನಡುಗುವಾಗ, ಸಂಜೆ ಮೂರು ಗಂಟೆಗೆ, ಮಬ್ಬು ಬೆಳಕಿನಲ್ಲಿ ದಿಬ್ಬ ಯಾವುದು ಗುಂಡಿ ಯಾವುದು ಕಾಣದಿರುವಾಗ ನಾಲ್ಕನೆಯದಾಗಿ ಗೋಟ್ ಇಳಿಯುವುದು ತಪ್ಪು. ಮೊದಲನೆಯದಾಗಿ ಇಳಿಯಲಿ. ಆಗ ಉಳಿದ ಮೂರು ತಾವಾಗಿ ಹಗುರಾಗುತ್ತವೆ.


ಕಟ್ಟಿನಹೊಳೆ ಜೀಪು
ಫೆಬ್ರವರಿ 12

ಸಾರ್, ನೀವು ಯಾರೆಂದು ಗೊತ್ತಾಯಿತು. ಒಂಬತ್ತನೇ ತರಗತಿಯಲ್ಲಿ ಪ್ರಮೇಯ ಬರೆಯದ್ದಕ್ಕೆ ನನ್ನನ್ನು ಹೊರಗೆ ನಿಲ್ಲಿಸಿದ್ದಿರಿ. ನಾನು ಹೆಸರು ಹೇಳುವುದಿಲ್ಲ.

ನಾನು ಕೊಡಚಾದ್ರಿಗೆ ಜೀಪು ಓಡಿಸಲು ಹಿಡಿದು ಹದಿನೇಳು ವರ್ಷವಾಯಿತು. ಹಿಮ ಕಂಡಿಲ್ಲ, ಫ್ರಿಜ್ಜಿನಲ್ಲಿ ಕಂಡದ್ದು ಬಿಟ್ಟರೆ. ಆದರೆ ಇದನ್ನೆಲ್ಲ ಓದುತ್ತಿದ್ದರೆ ನಮ್ಮ ರಸ್ತೆಯ ಬಗ್ಗೆಯೇ ಬರೆದ ಹಾಗಿದೆ. ಒಂದು ಜೀಪಿನ ಚಕ್ರ ಎಲ್ಲಿ ಇಳಿಯಿತೋ ಹಿಂದಿನದ್ದೂ ಅಲ್ಲೇ ಇಳಿಯುತ್ತದೆ, ಗುಂಡಿ ಆಳವಾಗುತ್ತದೆ, ಪಕ್ಕದ ಮಣ್ಣು ದಿಬ್ಬವಾಗುತ್ತದೆ. ಸ್ಕೀಯವರ ದಾರಿಯಲ್ಲೂ ಹೀಗೆ ದಿಬ್ಬ ಏಳುತ್ತದೆಯೇ?

ಇನ್ನು ದಾರಿ ಯಾಕೆ ಸಾಪು ಮಾಡುವುದಿಲ್ಲ ಎಂದು ಕೇಳಿದಿರಿ. ಹೋದ ವರ್ಷ ಬೆಂಗಳೂರಿನ ಒಬ್ಬರು ತಲೆಗೆ ಎರಡು ಸಲ ಕಬ್ಬಿಣದ ಸರಳು ತಗುಲಿಸಿಕೊಂಡು, ಮೇಲೆ ಹೋಗಿ ಇಳಿದ ಮೇಲೆ ‘ಈ ರಸ್ತೆಗೆ ಡಾಂಬರು ಹಾಕಬಾರದೇ’ ಎಂದು ಕೇಳಿದರು. ಹಾಕಿದರೆ ನೀವು ನಿಮ್ಮ ಕಾರಿನಲ್ಲೇ ಬರುತ್ತೀರಿ ಸ್ವಾಮಿ, ನನ್ನ ಜೀಪು ಯಾಕೆ ಹತ್ತುತ್ತೀರಿ ಎಂದೆ. ಅವರು ನಕ್ಕು ಐವತ್ತು ರೂಪಾಯಿ ಹೆಚ್ಚು ಕೊಟ್ಟರು. ವಾಪಸ್ ಹೋಗಿ ಅವರು ಹೇಳಿಕೊಳ್ಳುವುದು ಮೇಲಿನ ಸರ್ವಜ್ಞ ಪೀಠದ ವಿಚಾರಕ್ಕಿಂತ ಈ ರಸ್ತೆಯ ವಿಚಾರವನ್ನೇ.

ಗುಂಡಿಯ ಮಟ್ಟಿಗೆ ಒಂದು ಮಾತು. ಹೊಸ ಡ್ರೈವರ್ ಗುಂಡಿಯನ್ನು ನೋಡುತ್ತಾನೆ, ಅದಕ್ಕೇ ಗುಂಡಿಗೆ ಹೋಗುತ್ತಾನೆ. ನಿಮ್ಮ ಅಳಿಯಂದಿರಿಗೆ ಹೇಳಿ: ಹೋಗಬೇಕಾದ ಜಾಗ ನೋಡಬೇಕು, ಹೋಗಬಾರದ ಜಾಗ ನೋಡಬಾರದು.


ತುಂಗಾತೀರದವಳು
ಫೆಬ್ರವರಿ 13

ಜೀಪಿನ ಅಣ್ಣಾ, ಹೌದು, ಹಾಗೆಯೇ ಏಳುತ್ತದೆ. ಅದಕ್ಕೆ ಮೊಗಲ್ ಎನ್ನುತ್ತಾರೆ. ಒಬ್ಬರು ತಿರುಗಿದ ಕಡೆಯೇ ಎಲ್ಲರೂ ತಿರುಗಿ, ಹಿಮ ಗುಡ್ಡೆ ಬೀಳುತ್ತದೆ. ಆದರೆ ನಿಮ್ಮ ಗುಂಡಿಗಳು ಮಾಡದ ಒಂದು ಕೆಲಸವನ್ನು ಇವು ಮಾಡುತ್ತವೆ: ಬೆಟ್ಟ ಹತ್ತುತ್ತವೆ. ಇಳಿಯುವವರು ಒಂದು ದಿಬ್ಬದ ಕೆಳಮುಖವನ್ನು ಕೆರೆದು, ಆ ಹಿಮವನ್ನು ಅದರ ಕೆಳಗಿನ ದಿಬ್ಬದ ಮೇಲ್ಮುಖಕ್ಕೆ ತುಂಬುತ್ತಾರೆ. ಹೀಗಾಗಿ ಪ್ರತಿ ದಿಬ್ಬವೂ ಕೆಳಗೆ ಸವೆದು ಮೇಲೆ ಬೆಳೆಯುತ್ತ, ದಿನದಿಂದ ದಿನಕ್ಕೆ ನಿಧಾನವಾಗಿ ಮೇಲೆ ಸರಿಯುತ್ತದೆ. ಹಿಮ ಕೆಳಗೆ ಬರುತ್ತದೆ, ದಿಬ್ಬ ಮೇಲೆ ಹೋಗುತ್ತದೆ. ಮೇಷ್ಟ್ರು ಇದಕ್ಕೊಂದು ಸಮೀಕರಣ ಬರೆಯಲಿ.

ನೋಟದ ವಿಚಾರ ನೂರಕ್ಕೆ ನೂರು ಸತ್ಯ. ನಾನು ಕುಳಿತುಕೊಂಡು ಇಳಿದ ದಿನ ಬಂಡೆಯನ್ನೇ ನೋಡುತ್ತಿದ್ದೆ.


ನಿಟ್ಟೂರು ಮೇಷ್ಟ್ರು
ಮಾರ್ಚ್ 23

ಎಲ್ಲರಿಗೂ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಶೇಕಡಾ 85 ಎಂದರೆ 40 ಡಿಗ್ರಿ ಚಿಲ್ಲರೆ. 45 ಡಿಗ್ರಿಗೆ ಶೇಕಡಾ 100. ಜನ ಶೇಕಡಾ 100 ಎಂದರೆ ಗೋಡೆ ಎಂದುಕೊಳ್ಳುತ್ತಾರೆ. ದಿಬ್ಬದ ಸಮೀಕರಣ ಪ್ರಯತ್ನಿಸಿದೆ, ಎರಡು ಹಾಳೆ ಹಾಳಾಯಿತು. ಕಟ್ಟಿನಹೊಳೆಯ ಶಿಷ್ಯ ಹೆಸರು ಹೇಳದಿದ್ದರೂ ಪರವಾಗಿಲ್ಲ, ಪ್ರಮೇಯ ಬರೆಯದವರು ಆ ವರ್ಷ ಇಬ್ಬರೇ ಇದ್ದರು.

ಮಾರ್ಚ್ ಎರಡನೇ ವಾರ ಕಂಬ 61ಕ್ಕೆ ಬಂತು. ಮನೆಯಲ್ಲಿ ನಾನು ಸಂಖ್ಯೆ ಓದಿದರೆ ಅವಳು ‘ಸಾಕಲ್ಲವೇ’ ಎಂದು ಕೇಳುವಷ್ಟು ಪಳಗಿದ್ದಳು. ಆ ಶನಿವಾರ ಅಳಿಯ ಹೋದ. ಆದರೆ ಶುಕ್ರವಾರ ಮಳೆ ಬಿದ್ದು ರಾತ್ರಿ ಗಡ್ಡೆ ಕಟ್ಟಿಕೊಂಡಿತ್ತಂತೆ. ಗೋಟ್ ಬಾಯಿಗೆ ಹಗ್ಗವಿತ್ತು. ಲಿಫ್ಟ್‌ಲೈನ್, ನ್ಯಾಷನಲ್ ಎರಡು ಇಳಿದು, ಕಾಫಿ ಕುಡಿದು, ಮನೆಗೆ ಬಂದ. ‘ಮಾತು ಕೊಟ್ಟಿದ್ದೆನಲ್ಲ ಮಾವ’ ಎಂದ. ಮಂಜು ಆರದೆ ನಮ್ಮ ಕೊನೆಗಾರನೂ ಮರ ಹತ್ತುವುದಿಲ್ಲ. ಹತ್ತು ಗಂಟೆಯವರೆಗೆ ಜಗುಲಿಯಲ್ಲಿ ಕುಳಿತು ಕವಳ ಹಾಕುತ್ತಾನೆ, ನಾನು ಎಷ್ಟು ಗಡಿಬಿಡಿ ಮಾಡಿದರೂ ಏಳುವುದಿಲ್ಲ. ಅದನ್ನು ಅಳಿಯನಿಗೆ ಹೇಳಿದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ನಿನ್ನೆ ಮತ್ತೆ ಹೋಗಿದ್ದ. ಗುರುವಾರ ರಾತ್ರಿ ಹೊಸ ಹಿಮ ಬಿದ್ದಿತ್ತು. ಸಾಗರದವರು ಹೇಳಿದ ಹಾಗೆ ಮೊದಲು ಗೋಟ್. ನಡುವೆ ಒಂದು ಕಡೆ ಹತ್ತು ನಿಮಿಷ ನಿಂತೇ ಇದ್ದನಂತೆ, ಮುಂದಿನ ತಿರುವು ಎಲ್ಲಿ ಹಾಕುವುದೆಂದು ತೋಚದೆ. ಅಷ್ಟರಲ್ಲಿ ಎಪ್ಪತ್ತು ದಾಟಿದಂತೆ ಕಾಣುವ ಒಬ್ಬ ಮುದುಕಪ್ಪ ಹಳೆಯ ಕೋಟು ಹಾಕಿಕೊಂಡು ಮೇಲಿನಿಂದ ಬಂದು, ‘ಎಡಗಡೆ ಹಿಮ ಚೆನ್ನಾಗಿದೆ’ ಎಂದು ಹೇಳಿ, ನಿಲ್ಲದೆ ಹೋಗಿಬಿಟ್ಟ. ಅವನ ಗೆರೆ ಹಿಡಿದು ಅಳಿಯ ಇಳಿದ. ಆಮೇಲೆ ಸ್ಟಾರ್, ನ್ಯಾಷನಲ್. ಲಿಫ್ಟ್‌ಲೈನಿಗೆ ಹೋಗುವಷ್ಟರಲ್ಲಿ ತೊಡೆ ನಡುಗುತ್ತಿತ್ತು, ಆದರೂ ಮುಗಿಸಿದ.

ಎಡಗಡೆ ಹಿಮ ಚೆನ್ನಾಗಿತ್ತಂತೆ, ಅದರ ಅಡಿಯಲ್ಲಿ ಒಂದು ಬಂಡೆಯೂ ಇತ್ತು. ರಾತ್ರಿ ವಿಡಿಯೊ ಕರೆ ಮಾಡಿದಾಗ ಸ್ಕೀಯನ್ನು ಮಗುಚಿ ಹಾಕಿಕೊಂಡು ಕುಳಿತಿದ್ದ. ಅಡಿಯಲ್ಲಿ ನನ್ನ ಕಿರುಬೆರಳಿನಷ್ಟು ಉದ್ದದ ಗಾಯ. ಪ್ಲಾಸ್ಟಿಕ್ ಕಡ್ಡಿಯೊಂದಕ್ಕೆ ಬೆಂಕಿ ಹಚ್ಚಿ, ಲಕೋಟೆಗೆ ಅರಗಿನ ಮೊಹರು ಹಾಕುವ ಹಾಗೆ ಹನಿಹನಿಯಾಗಿ ಅದರೊಳಗೆ ತೊಟ್ಟಿಕ್ಕಿಸುತ್ತಿದ್ದ. ಮನೆಯವಳು ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಕಾಲು ನೋಯುತ್ತಿದೆಯೇ ಎಂದು ಕೇಳುತ್ತಾಳೆ ಎಂದುಕೊಂಡೆ.

‘ಅದು ಆರಿದ ಮೇಲೆ ಕೆರೆದು ಸಮ ಮಾಡುತ್ತೀರೋ, ಹಾಗೇ ಬಿಡುತ್ತೀರೋ?’ ಎಂದು ಕೇಳಿದಳು.